ಬರೋಕ್ ಸಂಗೀತ: ನನಗೆ ಎಲ್ಲಾ ಒಂದೇ ಥರ ಕೇಳಿಸ್ತಿದೆ, ಎಲ್ಲಿ ತಪ್ತಿದೀನಿ?

ಅಗ್ರಹಾರದ ಕೇಳುಗ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಲವತ್ತು ವರ್ಷದಿಂದ ಕರ್ನಾಟಕ ಸಂಗೀತ ಕೇಳ್ತಾ ಬಂದಿರೋನು. ಹಾಡೋಕೆ ಬರಲ್ಲ, ನುಡಿಸೋಕೆ ಬರಲ್ಲ. ರಾಮನವಮಿ ಕಚೇರಿಯಲ್ಲಿ ಮೂರನೇ ಸಾಲಲ್ಲಿ ಕೂತು ತೊಡೆ ಮೇಲೆ ತಾಳ ಹಾಕ್ತಾರಲ್ಲ, ಆ ಜಾತಿ. ಈಗ ನಿವೃತ್ತಿ ಆಗಿದೆ, ಸಮಯ ಇದೆ. ನಮ್ಮಣ್ಣನ ಮಗಳು ಊರಿಗೆ ಬಂದಾಗ ಒಂದು ಪೆನ್‌ಡ್ರೈವ್ ಕೊಟ್ಟು, "ಚಿಕ್ಕಪ್ಪ, ಇದರಲ್ಲಿ ಬರೋಕ್ ಇದೆ, ಯುರೋಪಿನ ಹಳೇ ಶಾಸ್ತ್ರೀಯ ಸಂಗೀತ, ನಿಮಗೆ ಹಿಡಿಸತ್ತೆ" ಅಂದಳು. ಬಾಖ್, ವಿವಾಲ್ಡಿ, ಹ್ಯಾಂಡಲ್, ಕೊರೆಲ್ಲಿ, ಪರ್ಸೆಲ್, ಇನ್ನೂ ಯಾರ್ಯಾರೋ. ಅರವತ್ತು ಟ್ರ್ಯಾಕು.

ಹತ್ತು ದಿನ ಬೆಳಿಗ್ಗೆ ಕಾಫಿ ಜೊತೆ ಕೇಳಿದೆ. ನಿಜ ಹೇಳ್ಬೇಕು ಅಂದ್ರೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಪಿಟೀಲುಗಳೆಲ್ಲ ಒಟ್ಟಿಗೆ ಓಡ್ತವೆ, ಹಿಂದೆ ಯಾರೋ ಬೀಗದ ಕೈ ಗೊಂಚಲು ಅಲ್ಲಾಡಿಸ್ತಿರೋ ಹಾಗೆ ಒಂದು ಶಬ್ದ. ರಾಗ ಹಿಡಿಯೋಣ ಅಂತ ಹೋದ್ರೆ ಕೈಗೆ ಸಿಕ್ಕಿದ್ದು ಅರ್ಧ ನಿಮಿಷಕ್ಕೆ ಜಾರಿ ಇನ್ನೆಲ್ಲೋ ಹೋಗಿರತ್ತೆ. ಹುಡುಗಿ ಫೋನ್ ಮಾಡಿ "ಹೇಗಿತ್ತು" ಅಂತ ಕೇಳಿದ್ರೆ ಏನು ಹೇಳಲಿ? ಗೊತ್ತಿರೋರು ಒಂದು ದಾರಿ ತೋರಿಸಿ. ಇತಿಹಾಸದ ಪಾಠ ಬೇಡ, ಕಿವಿ ಎಲ್ಲಿಡಬೇಕು ಅಷ್ಟು ಹೇಳಿ ಸಾಕು.

ಸುಮ್ನೆ ಓದೋನು · 9:22

ಬೀಗದ ಕೈ ಗೊಂಚಲು 😄 ಅದು ಹಾರ್ಪ್ಸಿಕಾರ್ಡ್ ಸಾರ್, ಪಿಯಾನೋಗಿಂತ ಹಳೇ ಕೀಲಿವಾದ್ಯ.

ಪಿಯಾನೋ ಪಕ್ಷ · 9:41

ಸರ್, ನಿಮ್ಮ ಕಿವಿ ಸರಿಯಾಗೇ ಇದೆ. ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಎಷ್ಟು ಜೋರಾಗಿ ಒತ್ತಿದ್ರೂ ಶಬ್ದ ಅಷ್ಟೇ. ಒಳಗೆ ಹಕ್ಕಿ ಗರಿಯ ಬುಡದಿಂದ ಮಾಡಿದ ಒಂದು ಮೊನೆ ತಂತಿಯನ್ನ ಮೀಟತ್ತೆ, ಬೆರಳಿನ ಭಾರಕ್ಕೂ ಶಬ್ದಕ್ಕೂ ಸಂಬಂಧ ಇಲ್ಲ. ಆ ಕೊರತೆ ತೀರಿಸೋಕೇ ಫ್ಲಾರೆನ್ಸ್‌ನಲ್ಲಿ ಕ್ರಿಸ್ತೊಫೊರಿ 1700ರ ಸುಮಾರಿಗೆ ಸುತ್ತಿಗೆ ಇಟ್ಟು ಪಿಯಾನೋ ಮಾಡಿದ್ದು. ಬಾಖ್‌ನನ್ನ ಪಿಯಾನೋದಲ್ಲಿ ಕೇಳಿ. ಪ್ರತಿ ಎಳೆಯೂ ಬಿಡಿಬಿಡಿಯಾಗಿ ಕೇಳಿಸತ್ತೆ. ಹಳೇ ವಾದ್ಯದ ಹುಚ್ಚು ಆಮೇಲೆ ಹತ್ತಿಸ್ಕೊಳ್ಳಿ.

ಚೆಲ್ಲೋ ಹೊತ್ತವಳು · 10:15

ಸರ್, ನಾನು ಆರು ವರ್ಷ ಚೆಲ್ಲೋ (ಮಂದ್ರದ ದೊಡ್ಡ ಪಿಟೀಲು) ಕಲಿತು, ಬೆಂಗಳೂರಿನ ಬಸ್ಸಲ್ಲಿ ಅದನ್ನ ಹೊತ್ಕೊಂಡು ಓಡಾಡಿ, ಸೊಂಟ ನೋವು ಬಂದ ಮೇಲೆ ಬಿಟ್ಟವಳು. ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಸ್ವಜಾತಿ ಪಕ್ಷಪಾತ ಇದೆ.

ನೀವು ಮೇಲಿನ ಪಿಟೀಲು ಹಿಡ್ಕೊಂಡು ಕೇಳ್ತಿದೀರಿ. ಕಚೇರಿ ಅಭ್ಯಾಸ ಅದು. ಅಲ್ಲಿ ಕಿವಿ ಹಾಡೋರ ಮೇಲೆ ಇರತ್ತೆ, ಶ್ರುತಿ ಹಿಂದೆ ಒಂದೇ ಕಡೆ ನಿಂತಿರತ್ತೆ. ಬರೋಕ್‌ನಲ್ಲಿ ಶ್ರುತಿಯ ಹಾಗೆ ಒಂದೇ ಕಡೆ ನಿಲ್ಲೋದು ಅಪರೂಪ. ಕೆಳಗಿನ ಸ್ವರವೇ ನಡೆಯತ್ತೆ, ಮೇಲಿನವರೆಲ್ಲ ಅದರ ಜೊತೆ ನಡೀತಾರೆ. ಆದ್ದರಿಂದ ಮೇಲಿಂದ ಕೇಳೋದು ಬಿಟ್ಟು ಕೆಳಗಿಂದ ಕೇಳಿ. ಚೆಲ್ಲೋ, ವಯೋಲಾ ದ ಗಾಂಬಾ, ಬಸೂನು, ಆರ್ಗನ್ನಿನ ಕಾಲುಮಣೆ, ಯಾವುದು ಅತಿ ಮಂದ್ರದಲ್ಲಿ ಇದೆಯೋ ಅದನ್ನ ಹಿಡೀರಿ.

ಈ ಕೆಳಗಿನ ಎಳೆಗೆ ಬಾಸ್ಸೊ ಕಂಟಿನ್ಯುವೊ ಅಂತಾರೆ, ಬಿಡದೆ ಸಾಗೋ ಬಾಸ್ ಅಂತ. 1600ರಿಂದ 1750ರವರೆಗೆ ಇಟಲಿಯಲ್ಲಿ ಬರೆದಿರಲಿ, ಫ್ರಾನ್ಸಲ್ಲಿ ಬರೆದಿರಲಿ, ಹೆಚ್ಚುಕಮ್ಮಿ ಎಲ್ಲದರ ಅಡಿಯಲ್ಲೂ ಇದು ಇದೆ. ಇಬ್ಬರ ಕೆಲಸ. ಒಬ್ಬರು ಬಾಸ್ ಸ್ವರವನ್ನ ಎಳೀತಾರೆ, ಇನ್ನೊಬ್ಬರು ಹಾರ್ಪ್ಸಿಕಾರ್ಡೋ ಆರ್ಗನ್ನೋ ಥಿಯೋರ್ಬೊ ಅನ್ನೋ ಉದ್ದ ಕುತ್ತಿಗೆಯ ತಂತಿವಾದ್ಯವೋ ಹಿಡಿದು ಆ ಸ್ವರದ ಮೇಲೆ ಸ್ವರಗುಚ್ಛ ತುಂಬ್ತಾರೆ. ತಮಾಷೆ ಏನಂದ್ರೆ ಆ ತುಂಬೋದನ್ನ ಸಂಗೀತಗಾರ ಬರೆದಿರೋದೇ ಇಲ್ಲ! ಬಾಸ್ ಸ್ವರದ ಹತ್ತಿರ 6, 7, 4 ಅಂತ ಅಂಕೆ ಮಾತ್ರ ಹಾಕಿರ್ತಾನೆ. 6 ಅಂದ್ರೆ ಆ ಸ್ವರದಿಂದ ಎಣಿಸಿ ಆರನೇದನ್ನ ಸೇರಿಸು ಅಂತ. ಏನೂ ಅಂಕೆ ಇಲ್ಲ ಅಂದ್ರೆ ಮೂರನೇದು, ಐದನೇದು. ಎಷ್ಟು ತುಂಬಬೇಕು, ಯಾವಾಗ ಚಿಮ್ಮಿಸಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲ ನುಡಿಸೋರ ಮನೋಧರ್ಮ. ನಿಮ್ಮ ಬೀಗದ ಕೈ ಗೊಂಚಲು ಸ್ಥಳದಲ್ಲೇ ಹುಟ್ಟಿಸ್ತಿರೋ ಸಂಗೀತ ಸರ್, ಬೈಬೇಡಿ ಅದನ್ನ.

ಶುರು ಮಾಡೋಕೆ: ನಿಮ್ಮ ಅರವತ್ತರಲ್ಲಿ ಪಾಖೆಲ್ಬೆಲ್‌ನ ಕ್ಯಾನನ್ ಇದ್ದೇ ಇರತ್ತೆ. ಮದುವೆ ಮಂಟಪದಲ್ಲಿ, ಲಿಫ್ಟಲ್ಲಿ, ಎಲ್ಲಾ ಕಡೆ ಕೇಳಿರ್ತೀರಿ. ಅದರಲ್ಲಿ ಬಾಸ್ ಎಂಟೇ ಸ್ವರ. ನಿಮಗೆ ತಿಳಿಯೋ ಹಾಗೆ ಹೇಳ್ತೀನಿ, ಶಂಕರಾಭರಣದ ಸ್ವರಗಳು: ಸ ಪ ದ ಗ ಮ ಸ ಮ ಪ. ಮೊದಲ ಸ ಬಿಟ್ಟು ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ. ಅಷ್ಟನ್ನ 28 ಸಲ. ಮೇಲೆ ಮೂರು ಪಿಟೀಲುಗಳು ಒಂದೇ ಹಾಡನ್ನ ಒಬ್ಬರ ಹಿಂದೆ ಒಬ್ಬರು, ಒಂದೊಂದು ಆವರ್ತ ತಡವಾಗಿ ನುಡಿಸ್ಕೊಂಡು ಮಜಾ ಮಾಡ್ತಿರ್ತಾರೆ. ಚೆಲ್ಲೋದವಳು ಮಾತ್ರ ಎಂಟು ಸ್ವರ, 28 ಸಲ. ನಾನು ಆ ಶಿಕ್ಷೆ ಅನುಭವಿಸಿದೀನಿ. ಹದಿನೈದನೇ ಸುತ್ತಿಗೆ ಮನೇಲಿ ಗ್ಯಾಸ್ ಆಫ್ ಮಾಡಿದೀನಾ ಅಂತ ಯೋಚನೆ ಬರತ್ತೆ.

ಧಾರವಾಡ ಫೇಡಾ · 10:52

ಅಕ್ಕಾರ, ಛಲೋ ಹೇಳಿದ್ರಿ. ನಾ ತಬಲಾ ಮಂದಿ. ನಮ್ಮ ಕಡೆ ತಬಲಾ ಸೋಲೋ ಕೇಳೀರೇನ್ರಿ ಯಾರರ? ಬಾಜೂಕ ಒಬ್ಬಾಂವ ಹಾರ್ಮೋನಿಯಂ ಇಲ್ಲಾ ಸಾರಂಗಿ ಮ್ಯಾಲೆ ಲೆಹರಾ ಹಿಡದ ಕುಂತಿರ್ತಾನ. ಒಂದ ಆವರ್ತನದ ಸಣ್ಣ ಧಾಟಿ, ತಿರುಗಾ ಮುರುಗಾ ಅದನ್ನ. ತಾಸಗಟ್ಟಲೆ. ತಬಲಾದಾವ ಕಾಯದಾ, ಗತ್ತು, ಚಕ್ರದಾರ ಅಂತ ಎಲ್ಲೆಲ್ಲೋ ಹೋಗಿ ಸಮ್‌ಗೆ ಬಂದ ಬೀಳ್ತಾನ. ಚಪ್ಪಾಳಿ ಎಲ್ಲಾ ತಬಲಾದಾವಗ. ಲೆಹರಾದಾವ ಒಂದ ಮಾತ್ರಿ ಹೆಚ್ಚುಕಮ್ಮಿ ಮಾಡಿದ್ನಂದ್ರ ಬೈಗುಳ ಮಾತ್ರ ಅವಗ.

ನೀವು ಹೇಳೂ ಪಾಖೆಲ್ಬೆಲ್ ಬಾಸ್ ಅಂದ್ರ ಇದ ಲೆಹರಾ ಆತಲ್ರಿ?

ಚೆಲ್ಲೋ ಹೊತ್ತವಳು · 11:03

ಲೆಹರಾ!! ಆರು ವರ್ಷ ಈ ಪದ ಹುಡುಕ್ತಿದ್ದೆ.

ಒಂದು ವ್ಯತ್ಯಾಸ ಮಾತ್ರ. ಲೆಹರಾ ಕಾಲವನ್ನ ಅಳೆದು ಕೊಡತ್ತೆ. ಬರೋಕ್‌ನ ಈ ತಿರುಗೋ ಬಾಸ್ ಕಾಲವನ್ನೂ ಅಳೀತದೆ, ಮೇಲಿನ ಸ್ವರಕ್ಕೆ ಅರ್ಥವನ್ನೂ ಕೊಡತ್ತೆ. ಪಿಟೀಲು ಒಂದೇ ಸ್ವರ ಹಿಡಿದು ನಿಂತಿದ್ರೂ ಕೆಳಗೆ ಬಾಸ್ ಒಂದು ಹೆಜ್ಜೆ ಸರಿದ ಕೂಡಲೇ ಅದೇ ಸ್ವರದ ಭಾವ ಬದಲಾಗಿಬಿಡತ್ತೆ. ಇದಕ್ಕೆ ಗ್ರೌಂಡ್ ಬಾಸ್ ಅಂತ ಹೆಸರು, ಇಟಲಿಯವರು ಬಾಸ್ಸೊ ಒಸ್ತಿನಾತೊ ಅಂತಾರೆ, ಹಟಮಾರಿ ಬಾಸ್ ಅಂತ ಅರ್ಥ. ನಾಳೆ ಬರೀತೀನಿ, ನಿದ್ದೆ.

ಪಿಯಾನೋ ಪಕ್ಷ · 11:20

ಈ ಲೆಹರಾ, ಶ್ರುತಿ, ಮನೋಧರ್ಮ ಅಂತ ಹೋಲಿಸ್ತಾ ಹೋದ್ರೆ ಕೊನೆಗೆ ಬರೋಕ್ ಅನ್ನೋದು ಕರ್ನಾಟಕ ಸಂಗೀತದ ಬಡ ನೆಂಟ ಆಗತ್ತೆ ನೋಡಿ. "ನಮ್ಮಲ್ಲೂ ಇದೆ" ಅಂದ ಕೂಡಲೇ ಕೇಳೋದು ನಿಂತ್ಹೋಗತ್ತೆ. ಫ್ಯೂಗ್‌ಗೆ ಏನು ಅಂತೀರಿ? ಅದಕ್ಕೆ ಸಮ ನಮ್ಮಲ್ಲಿ ಇಲ್ಲವೇ ಇಲ್ಲ. ಒಂದು ಧ್ವನಿ ಒಂಟಿಯಾಗಿ ವಿಷಯ ಎತ್ತತ್ತೆ, ಎರಡನೇದು ಅದನ್ನೇ ಪಂಚಮದ ಮೇಲಿಂದ ಎತ್ಕೊಳ್ಳತ್ತೆ, ಆಗ ಮೊದಲನೇದು ಸುಮ್ಮನಿರಲ್ಲ, ಇನ್ನೇನೋ ಎದುರು ಮಾತಾಡ್ತಿರತ್ತೆ. ಮೂರನೇದು, ನಾಲ್ಕನೇದು. ನಾಲ್ಕು ಜನ ಒಟ್ಟಿಗೆ ಮಾತಾಡಿದ್ರೂ ಜಗಳ ಅನ್ನಿಸಲ್ಲ. ಅಲ್ಲಿ ಬಾಸ್ ಯಾರ ಯಜಮಾನನೂ ಅಲ್ಲ, ನಾಲ್ವರಲ್ಲಿ ಒಬ್ಬ.

ಧಾರವಾಡ ಫೇಡಾ · 11:31

ಬಡ ನೆಂಟ ಅನ್ನಬ್ಯಾಡ್ರಿ ಸರ್. ಅಗ್ರಹಾರದ ಸರ್ ಕಿವಿ ಎಲ್ಲಿಡಬೇಕು ಅಂತ ಕೇಳಿದ್ರು. ಗೊತ್ತಿದ್ದ ಕಡೆಯಿಂದ ಗೊತ್ತಿಲ್ಲದ ಕಡೆ ಹೋಗೂದು ಅಷ್ಟ. ಊರ ಮುಟ್ಟಿದ ಮ್ಯಾಲೆ ಗಾಡಿ ಬಿಟ್ಟ ಇಳದರಾತು.

ಶ್ರುತಿಪೆಟ್ಟಿಗೆ · ಸೋಮವಾರ ಬೆಳಿಗ್ಗೆ 6:30

ಫ್ಯೂಗ್ ವಿಷಯದಲ್ಲಿ ಪಿಯಾನೋ ಪಕ್ಷದವರ ಮಾತು ಒಪ್ಪುವಂಥದ್ದು. ಆದರೆ ಒಂದು ಆಕ್ಷೇಪಣೆ. ಬಾಖ್‌ನನ್ನು ಇಂದಿನ ಪಿಯಾನೋದಲ್ಲಿ ಕೇಳಿದರೆ ಧ್ವನಿಗಳು ಬಿಡಿಯಾಗಿ ಕೇಳಿಸುತ್ತವೆ, ನಿಜ. ಕಳೆದುಹೋಗುವುದು ಶ್ರುತಿ.

ಅಗ್ರಹಾರದವರೇ, ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ಒಳಗಿಂದ ತಾನೇ ಒಂದು ಗಾಂಧಾರ ಮೇಲೇಳುತ್ತದಲ್ಲ, ಅದು ಶುದ್ಧ ಅಂತರ ಗಾಂಧಾರ, 5ಕ್ಕೆ 4ರ ಅನುಪಾತ. ಲೆಕ್ಕದಲ್ಲಿ 386 ಸೆಂಟ್ (ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್). ಇಂದಿನ ಪಿಯಾನೋದ ಗಾಂಧಾರ 400 ಸೆಂಟ್. ಹದಿನಾಲ್ಕು ಸೆಂಟ್ ಹೆಚ್ಚು. ನಿಮ್ಮಂಥ ಕಿವಿಗೆ ಅದು ಸಣ್ಣ ಮುಳ್ಳು. 17ನೇ ಶತಮಾನದಲ್ಲಿ ಯುರೋಪಿನ ಕೀಲಿವಾದ್ಯಗಳಲ್ಲಿ ಬಹಳ ಕಡೆ ಬಳಸುತ್ತಿದ್ದ ಮೀನ್‌ಟೋನ್ ಪದ್ಧತಿಯಲ್ಲಿ ಈ ಗಾಂಧಾರವನ್ನು ಶುದ್ಧವಾಗಿಯೇ ಇಡುತ್ತಿದ್ದರು. ಅದಕ್ಕೆ ತೆತ್ತ ಬೆಲೆ ಪಂಚಮ. ಹನ್ನೊಂದು ಪಂಚಮಗಳು ಒಂದೊಂದು ಕೂದಲು ಕಡಿಮೆ, ಹನ್ನೆರಡನೆಯದು ಕೇಳಲಾಗದಷ್ಟು ಅಪಸ್ವರ. ಅದು ಊಳಿಡುತ್ತದೆ ಅಂತ ತೋಳ ಎಂದೇ ಹೆಸರಿಟ್ಟರು. ಆ ತೋಳ ಇರುವ ಕಡೆಗೆ ಸಂಗೀತಗಾರ ಕಾಲಿಡುತ್ತಿರಲಿಲ್ಲ.

ಬಾಖ್ 1722ರಲ್ಲಿ ಹನ್ನೆರಡು ಸ್ವರಸ್ಥಾನಗಳನ್ನೂ ಆಧಾರ ಮಾಡಿಕೊಂಡು, ಒಂದೊಂದಕ್ಕೆ ಮೇಜರ್ (ಅಂತರ ಗಾಂಧಾರದ್ದು), ಮೈನರ್ (ಸಾಧಾರಣ ಗಾಂಧಾರದ್ದು) ಎರಡರಂತೆ 24 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳ ಸಂಪುಟ ಮಾಡಿದ. ಎಲ್ಲ ಕಡೆಯೂ ಓಡಾಡಬಹುದಾದಷ್ಟು ಹದವಾಗಿ ಶ್ರುತಿ ಮಾಡಿದ ವಾದ್ಯಕ್ಕೆ ಅಂತ ಶೀರ್ಷಿಕೆ. ಅದನ್ನು "ಇಂದಿನ ಸಮಾನ ಶ್ರುತಿ" ಎಂದು ಓದುವ ತಪ್ಪು ಎಲ್ಲ ಕಡೆ ನಡೆಯುತ್ತದೆ. ಹದ ಬೇರೆ, ಸಮ ಬೇರೆ. ಹದವಾದ ಶ್ರುತಿಯಲ್ಲಿ ತೋಳ ಇರುವುದಿಲ್ಲ, ಆದರೆ ಒಂದೊಂದು ಸ್ಥಾನಕ್ಕೂ ಒಂದೊಂದು ರುಚಿ ಉಳಿದಿರುತ್ತದೆ.

ಯುರೋಪಿನಲ್ಲಿ ಮೀನ್‌ಟೋನ್ ನಡೆಯುತ್ತಿದ್ದ ಆ 17ನೇ ಶತಮಾನದಲ್ಲೇ ತಂಜಾವೂರಲ್ಲಿ ಸಂಗೀತಶಾಸ್ತ್ರಜ್ಞ ವೆಂಕಟಮಖಿ ಹನ್ನೆರಡು ಸ್ವರಸ್ಥಾನ ಹಿಡಿದು 72 ಮೇಳದ ಲೆಕ್ಕ ಹಾಕುತ್ತಿದ್ದ. ಅಲ್ಲಿನವರಿಗೆ ಇವನ ಗಂಧ ಇಲ್ಲ, ಇವನಿಗೆ ಅಲ್ಲಿನವರ ಗಂಧ ಇಲ್ಲ. ಹನ್ನೆರಡನ್ನು ಹೇಗೆ ಪಳಗಿಸುವುದು ಅನ್ನುವ ತಲೆನೋವು ಮಾತ್ರ ಒಂದೇ.

ಪಿಯಾನೋ ಪಕ್ಷ · 8:15

ಶ್ರುತಿ ಮಾತು ಒಪ್ಪಿದೆ. ಆದ್ರೆ ಬಾಖ್ ಪಿಯಾನೋ ವಿರೋಧಿ ಅನ್ನೋ ಹಾಗೆ ಬಿಂಬಿಸಬೇಡಿ. ಜರ್ಮನಿಯ ವಾದ್ಯ ತಯಾರಕ ಜಿಲ್ಬರ್‌ಮನ್ ಮಾಡಿದ ಮೊದಲ ಪಿಯಾನೋ ನೋಡಿ ಮೇಲಿನ ಸ್ವರ ಸಪ್ಪೆ, ಕೀಲಿ ಭಾರ ಅಂದಿದ್ದ, ನಿಜ. ಆಮೇಲೆ ಅದೇ ಜಿಲ್ಬರ್‌ಮನ್ ತಿದ್ದಿದ ಮೇಲೆ ಮೆಚ್ಚಿದ. 1747ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಪ್ರಶ್ಯದ ದೊರೆ ಫ್ರೆಡ್ರಿಕ್ ಒಂದು ವಿಷಯ ಕೊಟ್ಟಾಗ ಬಾಖ್ ಸ್ಥಳದಲ್ಲೇ ಫ್ಯೂಗ್ ಕಟ್ಟಿದ್ದು ದೊರೆಯ ಜಿಲ್ಬರ್‌ಮನ್ ಪಿಯಾನೋದ ಮೇಲೇನೇ.

ಚೆಲ್ಲೋ ಹೊತ್ತವಳು · 1:20

ಊಟದ ಬಿಡುವಲ್ಲಿ ಬರೀತಿದೀನಿ. ಪಿಯಾನೋ ಜಗಳ ಹಾಗೇ ಇರಲಿ, ಸರ್ ಕಾಯ್ತಿದಾರೆ.

ಬಾಸ್‌ಗಳಲ್ಲಿ ಒಂದು ತುಂಬಾ ಹಳೇದು, ನಾಲ್ಕೇ ಮೆಟ್ಟಿಲು: ಸ ನಿ ದ ಪ. ಕೋಮಲ ನಿ, ಕೋಮಲ ದ. ಇಷ್ಟು ಇಳಿದು ಮತ್ತೆ ಸ. ವೆನಿಸ್‌ನಲ್ಲಿ ಮೊಂತೆವೆರ್ದಿ 1638ರಲ್ಲಿ ಅಚ್ಚು ಹಾಕಿಸಿದ ಎಂಟನೇ ಮ್ಯಾಡ್ರಿಗಲ್ (ಹಲವು ಧ್ವನಿಗಳ ಹಾಡು) ಪುಸ್ತಕದಲ್ಲಿ ಒಬ್ಬ ಅಪ್ಸರೆಯ ಅಳಲು ಇದೆ. ಪ್ರಿಯ ಕೈಕೊಟ್ಟು ಹೋಗಿದಾನೆ. ಕೆಳಗೆ ಈ ನಾಲ್ಕು ಸ್ವರ ಸುಮ್ಮನೆ ಇಳೀತಾನೇ ಇರತ್ತೆ, ಮೂರು ಗಂಡಸರು ಪಕ್ಕದಲ್ಲಿ ನಿಂತು "ಅಯ್ಯೋ ಪಾಪ" ಅಂತ ಹಾಡ್ತಾರೆ. ಮೊಂತೆವೆರ್ದಿ ಅಲ್ಲಿ ಒಂದು ಸೂಚನೆ ಬರೆದಿದಾನೆ: ಆ ಗಂಡಸರು ಕೈತಾಳಕ್ಕೆ ಹಾಡಬೇಕು, ಅವಳು ಮಾತ್ರ ಮನಸ್ಸಿನ ಭಾವದ ಕಾಲಕ್ಕೆ ಹಾಡಬೇಕು. ಅಂದ್ರೆ ಬಾಸ್ ಸರಿಯಾಗಿ ಬೀಳ್ತಿರತ್ತೆ, ಅವಳು ಅದಕ್ಕೆ ತಡವಾಗಿ ಬರ್ತಾಳೆ, ಮುಂಚೆ ಬರ್ತಾಳೆ, ಸಿಕ್ಕಾಕಿಕೊಳ್ತಾಳೆ. ಅಳೋರು ಯಾರು ತಾಳಕ್ಕೆ ಅಳ್ತಾರೆ?

ಆಮೇಲೆ ಈ ಇಳಿಯೋ ಬಾಸ್ ಅಂದ್ರೇ ಶೋಕ ಅಂತ ಆಗೋಯ್ತು. ಒಪೇರಾಗೆ ಹೋದೋರು ಆ ನಾಲ್ಕು ಸ್ವರ ಶುರು ಆದ ಕೂಡಲೇ ಕರ್ಚೀಫ್ ತೆಗೀತಿದ್ರೇನೋ.

ಇಂಗ್ಲೆಂಡಿನ ಪರ್ಸೆಲ್ ಇದನ್ನೇ ತಗೊಂಡು ಮೆಟ್ಟಿಲ ನಡುವಿನ ಮೆಟ್ಟಿಲೂ ಬಿಡದೆ ಇಳಿಸಿದ. ಸರ್, ಗಮನಿಸಿ: ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ದ, ಶುದ್ಧ ದ, ಪ. ಎರಡೂ ನಿಷಾದ, ಎರಡೂ ಧೈವತ, ಸಾಲಾಗಿ! ನಿಮ್ಮ ಕಿವಿಗೆ ಇದು ರಾಗವೇ ಅಲ್ಲ. ಅದೇ ಅದರ ಕೆಲಸ. ಡೈಡೋ ಅನ್ನೋ ಕಾರ್ಥೇಜಿನ ರಾಣಿ ಸಾಯೋ ಮುಂಚೆ ಹಾಡೋ ಹಾಡು, 'ಡೈಡೋ ಆಂಡ್ ಈನಿಯಾಸ್' ಒಪೇರಾದ ಕೊನೇಲಿ ಬರತ್ತೆ. 1689ರ ಹೊತ್ತಿಗೆ ಲಂಡನ್ ಹತ್ತಿರದ ಚೆಲ್ಸಿಯಲ್ಲಿ ಒಂದು ಹುಡುಗಿಯರ ಶಾಲೇಲಿ ಇದನ್ನ ಆಡಿದ್ರು. ಪರ್ಸೆಲ್ 1695ರಲ್ಲಿ ಹೋಗಿಬಿಟ್ಟ, ನಲವತ್ತೂ ತುಂಬಿರಲಿಲ್ಲ.

ಸರ್‌ಗೆ ಮನೆಕೆಲಸ: ಆ ಹಾಡು ಹುಡುಕಿ. ಬಾಸ್ ಮೊದಲು ಒಂಟಿಯಾಗಿ ಒಂದು ಸುತ್ತು ಬರತ್ತೆ. ಒಂದು ಸುತ್ತು ಅಂದ್ರೆ ಮೂರು ಎಣಿಕೆಯ ಐದು ಗುಂಪು. ತಾಳ ಹಾಕಿ ಕೇಳಿ.

ಧಾರವಾಡ ಫೇಡಾ · 1:34

ಮೂರ ಐದ್ಲೆ ಹದಿನೈದು. ನಮ್ಮ ಪಂಚಮ ಸವಾರಿ ತಾಳ! ಈಗ ನಮ್ಮ ಊರಿಗೇ ಬಂದ್ರಿ ನೋಡ್ರಿ.

ಚೆಲ್ಲೋ ಹೊತ್ತವಳು · 1:36

ಮಾತ್ರೆ ಹದಿನೈದೇ, ಆದ್ರೆ ವಿಭಾಗ ಬೇರೆ ಫೇಡಾ ಸಾಹೇಬ್ರೇ. ಇಲ್ಲಿ ಬರೀ ಮೂರು ಮೂರು. ಮಾಮೂಲಿ ಬಾಸ್‌ಗಳು ನಾಲ್ಕೋ ಎಂಟೋ ಗುಂಪಿನವು, ಇದು ಐದು, ಅಲ್ಲೇ ಇರೋದು ಕುಸುರಿ.

ಹಿಮದೂರು · ಸಂಜೆ 5:50

ನಾನು ಉತ್ತರ ಜರ್ಮನಿಯಲ್ಲಿದ್ದೇನೆ, ಊರು ಕುಂದಾಪುರ ಬದಿ. ಇಲ್ಲಿನ ಚರ್ಚಿನ ಗಾಯನವೃಂದದಲ್ಲಿ ಮೂರು ವರ್ಷದಿಂದ ಹಾಡುತ್ತಿದ್ದೇನೆ. ಭಕ್ತಿಯಿಂದ ಅಂತಲ್ಲ, ಚಳಿಗಾಲದಲ್ಲಿ ಮನುಷ್ಯರ ಮುಖ ನೋಡುವುದಕ್ಕೆ. ವಾದ್ಯಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಯಾಕೆಂದರೆ ಧ್ವನಿಮುದ್ರಿಕೆಯಲ್ಲಿ "ಎಲ್ಲಾ ಒಂದೇ ಥರ" ಅನ್ನಿಸಿದ್ದು ಎದುರಿಗೆ ಕೇಳಿದರೆ ಹಾಗಿಲ್ಲ.

ಥಿಯೋರ್ಬೊ ಅಂತ ಒಂದುಂಟು. ಲ್ಯೂಟ್ ಅನ್ನುವ ಮೀಟುವ ತಂತಿವಾದ್ಯದ ದೊಡ್ಡಣ್ಣ. ಕುತ್ತಿಗೆಯ ಮೇಲೆ ಇನ್ನೊಂದು ಕುತ್ತಿಗೆ, ಒಟ್ಟು ಉದ್ದ ಹೆಚ್ಚುಕಡಿಮೆ ಆಳೆತ್ತರ. ಮೇಲಿನ ಉದ್ದ ತಂತಿಗಳನ್ನು ಒತ್ತುವುದಿಲ್ಲ, ಬಿಟ್ಟೇ ಮೀಟುವುದು. ನಮ್ಮ ವೃಂದಕ್ಕೆ ಒಬ್ಬರು ಅದನ್ನು ಹಿಡಿದುಕೊಂಡು ಬಂದಿದ್ದರು, ಬಾಗಿಲಲ್ಲಿ ಓರೆ ಮಾಡಿ ಒಳಗೆ ತರಬೇಕಾಯಿತು. ನಾನು ದೋಣಿಯ ಹುಟ್ಟು ಅಂದುಕೊಂಡೆ. ಆದರೆ ಅದರ ಮಂದ್ರ ತಂತಿ ಮೀಟಿದಾಗ ಶಬ್ದ ಕಿವಿಗಲ್ಲ, ಎದೆಗೆ ಬರುತ್ತದೆ.

ಗಾಂಬಾ ನೋಡಲು ಚೆಲ್ಲೋ ಹಾಗೆ, ಜಾತಿ ಬೇರೆ. ಆರು ಅಥವಾ ಏಳು ತಂತಿ. ಕುತ್ತಿಗೆಯ ಸುತ್ತ ಕರುಳಿನ ದಾರ ಕಟ್ಟಿ ಮಾಡಿದ ಮೆಟ್ಟಿಲು, ವೀಣೆಯಂತೆ ಮೇಣದಲ್ಲಿ ಕೂರಿಸಿದ್ದಲ್ಲ, ಬೇಕಾದರೆ ಸರಿಸಬಹುದು. ಬಿಲ್ಲನ್ನು ಅಂಗೈ ಮೇಲ್ಮುಖ ಮಾಡಿ ಹಿಡಿಯುತ್ತಾರೆ. ಫ್ರಾನ್ಸಿನಲ್ಲಿ ಮರೇ ಅನ್ನುವವ ಇದಕ್ಕಾಗಿಯೇ ಐದು ಸಂಪುಟ ಬರೆದ. ಸ್ವರ ಹೊರಟು ಅಲ್ಲೇ ಸವೆದುಹೋಗುವ ರೀತಿ ಉಂಟಲ್ಲ, ಮಾತಾಡಿ ಮುಗಿಸಿದವನ ಉಸಿರಿನ ಹಾಗೆ.

ಪಿಟೀಲು ಕೂಡ ಆಗ ಬೇರೆ. ಕರುಳಿನ ತಂತಿ, ಬಿಗಿತ ಕಡಿಮೆ. ಬಿಲ್ಲಿನ ಕೋಲು ನೇರ ಅಥವಾ ಹೊರಕ್ಕೆ ಬಾಗಿದ್ದು, ಈಗಿನ ಹಾಗೆ ಒಳಕ್ಕೆ ಬಾಗಿದ್ದಲ್ಲ. ಗದ್ದ ಇಡುವ ಪಟ್ಟಿಯೇ ಇಲ್ಲ, ಅದು 1820ರ ಸುಮಾರಿಗೆ ಬಂದದ್ದು. ಸ್ಟ್ರಾಡಿವಾರಿ ಮಾಡಿದ ಪಿಟೀಲುಗಳು ಇವತ್ತು ಕೋಟಿಗಟ್ಟಲೆಗೆ ಹೋಗುತ್ತವಲ್ಲ, ಅವುಗಳಲ್ಲಿ ಬಹುತೇಕ ಎಲ್ಲಕ್ಕೂ ನಂತರದವರು ಕುತ್ತಿಗೆ ಬದಲಿಸಿದ್ದಾರೆ, ಒಳಗಿನ ಪಟ್ಟಿ ದಪ್ಪ ಮಾಡಿದ್ದಾರೆ. ಅವನೇ ಎದ್ದು ಬಂದರೆ ಇದು ಯಾರದ್ದು ಅಂತ ಕೇಳಿಯಾನು.

ತುತ್ತೂರಿಗೆ ಗುಂಡಿ ಇಲ್ಲ, ತುಟಿಯಲ್ಲೇ ಸ್ವರ ಹುಡುಕಬೇಕು. ಮೇಲಿನ ಸ್ಥಾಯಿಗೆ ಹೋದರೆ ಮಾತ್ರ ಸ್ವರಗಳು ಒತ್ತೊತ್ತಾಗಿ ಸಿಗುತ್ತವೆ, ಅದಕ್ಕೇ ಬಾಖ್ ಅವರನ್ನು ಅಷ್ಟು ಎತ್ತರಕ್ಕೆ ಹತ್ತಿಸಿದ್ದು. ತಪ್ಪಿದರೆ ಊರಿಗೆಲ್ಲ ಕೇಳುತ್ತದೆ.

ಶ್ರುತಿಪೆಟ್ಟಿಗೆ · 6:25

ಗದ್ದದ ಪಟ್ಟಿ ವಿಷಯಕ್ಕೆ ಒಂದು ನಿಜವಾದ ನಂಟು ಇದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರೊಬ್ಬರಿಂದ ಪಿಟೀಲು ಕಲಿತದ್ದು ಆ ಪಟ್ಟಿ ಹುಟ್ಟುವುದಕ್ಕೆ ಮೊದಲೇ. ಅಂದರೆ ನಮ್ಮ ಕೈಗೆ ಬಂದ ಪಿಟೀಲು ಗದ್ದಕ್ಕೆ ಸಿಕ್ಕಿಹಾಕಿಕೊಂಡ ಪಿಟೀಲಾಗಿರಲಿಲ್ಲ. ಎದೆಗೂ ಪಾದಕ್ಕೂ ನಡುವೆ ಇಟ್ಟುಕೊಂಡು ಕೂತವರಿಗೆ ಅದು ತೊಡಕೂ ಆಗಲಿಲ್ಲ.

ಇನ್ನೊಂದು: ವಯೋಲಾ ದಮೋರೆ ಕೇಳಿ. ನುಡಿಸುವ ತಂತಿಗಳ ಅಡಿಯಲ್ಲಿ ತಾವೇ ಅನುರಣಿಸುವ ತಂತಿಗಳ ಸಾಲು, ಸಾರಂಗಿಯ ತರಬ್ ಹಾಗೆ. ವಿವಾಲ್ಡಿ ಅದಕ್ಕೆ ಕಾನ್ಚೆರ್ಟೊಗಳನ್ನು (ಒಂಟಿ ವಾದ್ಯವೂ ತಂಡವೂ ಸೇರಿ ನುಡಿಸುವ ಕೃತಿಗಳು) ಬರೆದಿದ್ದಾನೆ, ಬಾಖ್ ಸಂತ ಜಾನನ ಪ್ಯಾಶನ್‌ನಲ್ಲಿ (ಕ್ರಿಸ್ತನ ಯಾತನೆಯ ಕಥೆ ಹಾಡುವ ಕೃತಿ) ಬಳಸಿದ್ದಾನೆ.

ಸುಮ್ನೆ ಓದೋನು · 6:40

ಈ 415 ಅಂತ ಸಿಡಿ ಮೇಲೆ ಬರೆದಿರೋದು ಏನು?

ಶ್ರುತಿಪೆಟ್ಟಿಗೆ · 6:48

ವಾದ್ಯಗಳನ್ನು ಶ್ರುತಿ ಮಾಡಲು ಹಿಡಿಯುವ ಎ ಸ್ವರದ ಕಂಪನ, ಸೆಕೆಂಡಿಗೆ. ಇಂದಿನ ಮಟ್ಟ 440. ಬರೋಕ್ ತಂಡಗಳು 415 ಇಟ್ಟುಕೊಳ್ಳುವುದು ಅದು ಸರಿಯಾಗಿ ಅರ್ಧ ಸ್ವರ ಕೆಳಗಾಗುತ್ತದೆ ಎಂಬ ಅನುಕೂಲಕ್ಕೆ. ಆ ಕಾಲದಲ್ಲಿ ಊರಿಗೊಂದು ಶ್ರುತಿ. ರೋಮ್, ಪ್ಯಾರಿಸ್ ಕೆಳಗೆ, ವೆನಿಸ್ ಮೇಲೆ. ಹ್ಯಾಂಡಲ್‌ನದು ಎನ್ನುವ ಶ್ರುತಿಕವಲು 422.5.

ಅಗ್ರಹಾರದ ಕೇಳುಗ · ಮಂಗಳವಾರ ಬೆಳಿಗ್ಗೆ 7:05

ಇತಿಹಾಸದ ಪಾಠ ಬೇಡ ಅಂದಿದ್ದೆ, ಆದ್ರೂ ಎಲ್ಲಾ ಓದಿದೆ, ಎರಡು ಸಲ. ಮನೆಯವಳು "ಏನು, ಪರೀಕ್ಷೆ ಇದೆಯಾ" ಅಂದಳು.

ಪಾಖೆಲ್ಬೆಲ್ ಮುಗಿಸಿದೆ. ಎಂಟು ಸ್ವರ ಹಿಡಿದೆ, ಎಣಿಸಿದೆ. ಇಪ್ಪತ್ತೆರಡಕ್ಕೆ ಪಿಟೀಲಿನ ಕಡೆ ಗಮನ ಹೋಗಿ ಲೆಕ್ಕ ತಪ್ಪಿತು. ಬೈಬೇಡಮ್ಮ. ಆದ್ರೆ ಒಂದು ಗೊತ್ತಾಯ್ತು. ನಾನು ಇಷ್ಟು ದಿನ ರಾಗ ಜಾರಿ ಹೋಗತ್ತೆ ಅಂತ ಅಂದ್ಕೊಂಡಿದ್ದೆನಲ್ಲ, ಈಗ ಬಾಸ್ ಎಲ್ಲಿಗೆ ಹೋಗಿದೆ ಅಂತ ಗೊತ್ತಿರೋದ್ರಿಂದ ಮೇಲಿನವರು ಎಲ್ಲಿದಾರೆ ಅಂತ ಹುಡುಕಬೇಕಾಗಲ್ಲ.

ಡೈಡೋ ಇವತ್ತು ಕೇಳ್ತೀನಿ. ಒಂದು ಪ್ರಶ್ನೆ: ವಿವಾಲ್ಡಿಯಲ್ಲಿ ಈ ಥರ ತಿರುಗೋ ಬಾಸ್ ಸಿಗ್ತಿಲ್ಲ. ಮೊದಲು ಎಲ್ಲರೂ ಸೇರಿ ಬಾರಿಸಿದ್ದು ಮಾತ್ರ ಮತ್ತೆ ಮತ್ತೆ ತುಂಡು ತುಂಡಾಗಿ ಬರತ್ತೆ.

ಪಿಯಾನೋ ಪಕ್ಷ · 7:40

ಸರಿಯಾಗೇ ಹಿಡಿದಿದೀರಿ ಸರ್. ಅದು ರಿತೊರ್ನೆಲ್ಲೊ, ಮರಳಿ ಬರೋದು ಅಂತ. ಎಲ್ಲರೂ ಒಂದು ಮಾತು ಹೇಳ್ತಾರೆ, ಒಂಟಿ ಪಿಟೀಲು ಹೊರಗೆ ಸುತ್ತಾಡಿ ಬರ್ತದೆ, ಇವರು ಆ ಮಾತಿನ ಒಂದು ಚೂರು ಬೇರೆ ಆಧಾರ ಸ್ವರದಲ್ಲಿ ಹೇಳ್ತಾರೆ, ಅದು ಮತ್ತೆ ಹೊರಗೆ. ಕೊನೆಗೆ ಎಲ್ಲರೂ ಮೊದಲ ಮನೆಗೆ. 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ನಾಲ್ಕು ಋತುಗಳ ಕಾನ್ಚೆರ್ಟೊಗಳಲ್ಲಿ ವೇಗದ ಭಾಗಗಳು ಹೆಚ್ಚುಕಮ್ಮಿ ಇದೇ ಅಚ್ಚು. ವೆನಿಸ್‌ನ ಪಿಯೆತಾ ಅನಾಥಾಲಯದ ಹುಡುಗಿಯರಿಗೆ ಅವನು 1703ರಿಂದ ಪಿಟೀಲು ಮೇಷ್ಟ್ರು, ಆ ಹುಡುಗಿಯರು ಜಾಲರಿ ಹಿಂದೆ ನಿಂತು ನುಡಿಸೋದನ್ನ ಕೇಳೋಕೆ ಯುರೋಪೆಲ್ಲ ಬರ್ತಿತ್ತು. ಬಾಖ್ ವೆನಿಸ್ ನೋಡಲೇ ಇಲ್ಲ. ಅಚ್ಚಾಗಿ ಬಂದ ಪ್ರತಿ ನೋಡಿ, ವಿವಾಲ್ಡಿಯ ನಾಲ್ಕು ಪಿಟೀಲಿನ ಕಾನ್ಚೆರ್ಟೊ ಒಂದನ್ನ ನಾಲ್ಕು ಹಾರ್ಪ್ಸಿಕಾರ್ಡಿಗೆ ಬರ್ಕೊಂಡ.

ಸುಮ್ನೆ ಓದೋನು · 7:44

ನಾಲ್ಕು ಗೊಂಚಲು.

ಹಿಮದೂರು · ಮಧ್ಯಾಹ್ನ 3:15

ಶಾಕೋನ್ ಯಾರೂ ಹೇಳಲಿಲ್ಲ. ತಿರುಗುವ ಬಾಸ್ ಅಂದ ಮೇಲೆ ಅದು ಬರಲೇಬೇಕು. ಮೂಲದಲ್ಲಿ ಕುಣಿತದ ಹಾಡು, ಅಮೆರಿಕದ ಸ್ಪೇನಿನ ವಸಾಹತುಗಳಿಂದ ಬಂದದ್ದು ಅಂತ ಆಗಿನ ಜನ ಹೇಳುತ್ತಿದ್ದರು, ಮರ್ಯಾದಸ್ಥರು ಮೂಗು ಮುರಿಯುವಂಥದ್ದು. ಅದರ ಒಡಹುಟ್ಟು ಸಾರಬಂದ್‌ಅನ್ನು ಸ್ಪೇನಿನಲ್ಲಿ 1583ರಲ್ಲಿ ನಿಷೇಧಿಸಿಯೇ ಬಿಟ್ಟರು. ನೂರು ವರ್ಷದ ನಂತರ ನೋಡಿದರೆ ಅದೇ ಸಾರಬಂದ್ ಫ್ರೆಂಚ್ ಆಸ್ಥಾನದಲ್ಲಿ ಅತಿ ನಿಧಾನದ, ಅತಿ ಗಂಭೀರದ ಕುಣಿತ. ಬಾಖ್‌ನ ಚೆಲ್ಲೋ ಸ್ವೀಟ್‌ಗಳಲ್ಲಿ (ಕುಣಿತಗಳ ಸರಣಿ) ಆಲಮಾಂಡ್, ಕುರಾಂಟ್, ಸಾರಬಂದ್, ಜೀಗ್ ಅಂತ ಸಾಲು ಬರುತ್ತದಲ್ಲ, ಅಲ್ಲಿ ಮೂರನೆಯದು. ಬೀದಿಯಿಂದ ಅರಮನೆಗೆ ಹೋದ ಮೇಲೆ ಎಲ್ಲರ ನಡಿಗೆಯೂ ನಿಧಾನವಾಗುತ್ತದೆ.

ಬಾಖ್‌ನ ಡಿ ಮೈನರ್ ಶಾಕೋನ್ ಕೇಳಿ, 1720ರ ಕೈಬರಹದ ಪ್ರತಿ ಉಂಟು. ಒಂಟಿ ಪಿಟೀಲು, ಸುಮಾರು ಕಾಲು ಗಂಟೆ. ನಾಲ್ಕು ನಾಲ್ಕು ಗುಂಪಿನ ಒಂದೇ ನಡೆಯ ಮೇಲೆ ಅರವತ್ತಕ್ಕೂ ಹೆಚ್ಚು ಸುತ್ತು. ನಡುವಲ್ಲಿ ಮೈನರ್‌ನಿಂದ ಮೇಜರ್‌ಗೆ ತಿರುಗುವ ಒಂದು ಜಾಗ ಉಂಟು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಚೆಲ್ಲೋ ಹೊತ್ತವಳು · 3:40

ಅದೇ ಬುದ್ಧಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್‌ನಲ್ಲೂ ಇದೆ, 1741. ಮೊದಲು ಬರೋ ಹಾಡು, ಆರಿಯಾ, ಕೇಳಿ ಜನ ಮೇಲಿನ ಹಾಡಿನ ಮೇಲೆ 30 ಮಾರ್ಪಾಡು ಇದೆ ಅಂದ್ಕೋತಾರೆ, ಹುಡುಕ್ತಾರೆ, ಸಿಗಲ್ಲ. ಹಾಡು ಆಮೇಲೆ ಬರೋದೇ ಇಲ್ಲ, ಕೊನೇಲಿ ಒಂದ್ಸಲ ಬಿಟ್ಟರೆ. ಮೂವತ್ತೂ ಕಟ್ಟಿರೋದು ಅದರ ಕೆಳಗಿನ ನಡೆಯ ಮೇಲೆ. ನನ್ನ ಮೊದಲ ಉತ್ತರದಲ್ಲಿ ಪಕ್ಷಪಾತ ಇದೆ ಅಂದಿದ್ದೆ, ವಾಪಸ್ ತಗೋತೀನಿ. ಬಾಖ್ ನನ್ನ ಪಕ್ಷ.

ಪಿಯಾನೋ ಪಕ್ಷ · 3:52

ಗೋಲ್ಡ್‌ಬರ್ಗ್ ಅನ್ನ ಪಿಯಾನೋದಲ್ಲಿ ಕೇಳಿದ್ರೆ ಆ ಬಾಸ್ ಇನ್ನೂ ಚೆನ್ನಾಗಿ ಕೇಳಿಸತ್ತೆ ಅಂತ ದಾಖಲೆಗೆ ಬರ್ಕೊಳ್ಳಿ.

ಶ್ರುತಿಪೆಟ್ಟಿಗೆ · 4:01

ಎರಡು ಸಾಲು ಕೀಲಿಯ ಹಾರ್ಪ್ಸಿಕಾರ್ಡಿಗೆ ಅಂತ ಅವನೇ ಮುಖಪುಟದಲ್ಲಿ ಬರೆದಿದ್ದಾನೆ. ಒಂದೇ ಸಾಲಿನ ಪಿಯಾನೋದಲ್ಲಿ ಎರಡು ಕೈ ಒಂದರ ಮೇಲೊಂದು ಹತ್ತಿಕೊಳ್ಳುವುದನ್ನೂ ದಾಖಲೆಗೆ ಬರೆದುಕೊಳ್ಳಿ.

ಅಗ್ರಹಾರದ ಕೇಳುಗ · ಶುಕ್ರವಾರ ರಾತ್ರಿ 10:30

ತಡವಾಯ್ತು, ಕ್ಷಮಿಸಿ. ಡೈಡೋ ಮೂರು ದಿನ ಹಿಡೀತು.

ಮೊದಲ ಸಲ ತಾಳ ಹಾಕಿದೆ. ಮೂರು ಮೂರು, ಐದು ಗುಂಪು. ಬಾಸ್ ಒಂಟಿಯಾಗಿ ಇಳೀತು, ಆ ಎರಡು ನಿಷಾದ ಎರಡು ಧೈವತ ಒಂದರ ಹಿಂದೆ ಒಂದು ಬಂದಾಗ ಹಲ್ಲು ಜುಮ್ ಅಂತು. ಅವಳು ಹಾಡೋಕೆ ಶುರು ಮಾಡಿದಳು. ಬಾಸ್ ಸುತ್ತು ಮುಗಿಸಿ ಸಮಕ್ಕೆ ಬರತ್ತೆ, ನಾನು ಅಭ್ಯಾಸದಂತೆ ತಲೆ ಹಾಕೋಕೆ ಕಾದೆ, ಅವಳ ಸಾಲು ಮುಗಿದೇ ಇಲ್ಲ. ಬಾಸ್ ಮುಂದಿನ ಸುತ್ತು ಶುರು ಮಾಡಿದೆ, ಅವಳಿನ್ನೂ ಹಿಂದಿನ ಮಾತಲ್ಲೇ ಇದಾಳೆ. ಇನ್ನೊಂದು ಕಡೆ ಅವಳು ಮುಗಿಸಿದ್ದಾಳೆ, ಬಾಸ್‌ಗೆ ಇನ್ನೂ ದಾರಿ ಇದೆ. ನಮ್ಮಲ್ಲಿ ಆದ್ರೆ ಇಬ್ಬರೂ ಎಲ್ಲೋ ಒಂದು ಕಡೆ ಕೂಡೋದಕ್ಕೇ ಕಾಯೋದು. ಇವಳು ಕೂಡದೇ ಇರೋದ್ರಲ್ಲೇ ಹಾಡನ್ನ ಇಟ್ಟಿದಾಳೆ. "ನೆನಪಿಡು" ಅಂತ ಒಂದೇ ಸ್ವರದ ಮೇಲೆ ಹೇಳ್ತಾಳಲ್ಲ, ಅಲ್ಲಿ ಕೈ ತಾಳ ಬಿಟ್ಟುಬಿಡ್ತು. ಅವಳು ನಿಲ್ಲಿಸಿದ ಮೇಲೆ ಪಿಟೀಲುಗಳೂ ಬಾಸ್ ಥರಾನೇ ಮೆಟ್ಟಿಲು ಮೆಟ್ಟಿಲಾಗಿ ಇಳ್ಕೊಂಡು ಬಂದ್ವು.

ನಿನ್ನೆ ಹುಡುಗಿಗೆ ನಾನೇ ಫೋನ್ ಮಾಡಿದೆ. "ಚಿಕ್ಕಪ್ಪ ಯಾವುದು ಹಿಡಿಸ್ತು" ಅಂದಳು, ಡೈಡೋ ಅಂದೆ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಮಾತು.

ಇವತ್ತು ಶಾಕೋನ್ ಹಾಕಿದೆ. ಒಂದು ಅನುಮಾನ, ಚೆಲ್ಲೋ ಅಮ್ಮ ಹೇಳಬೇಕು. ಅಲ್ಲಿ ಇರೋದು ಒಂದೇ ಪಿಟೀಲು. ಎಷ್ಟೋ ಕಡೆ ಅದು ಮೇಲೆಲ್ಲೋ ಓಡ್ತಿರತ್ತೆ, ಕೆಳಗಿನ ಸ್ವರ ಮುಟ್ಟೋದೂ ಇಲ್ಲ. ಆದ್ರೂ ನನಗೆ ಬಾಸ್ ಇಳಿಯೋದು ಕೇಳಿಸ್ತಾನೇ ಇತ್ತು. ಯಾರು ನುಡಿಸ್ತಿದ್ರು ಅದನ್ನ?

ಚೆಲ್ಲೋ ಹೊತ್ತವಳು · 10:48

ನೀವು, ಸರ್.

ಧಾರವಾಡ ಫೇಡಾ · 10:55

ಲೆಹರಾ ಸರ್‌ಗೆ ಒಂದ ಚಪ್ಪಾಳಿ ಹಾಕ್ರಪಾ.